ತಗ್ಗಾದ ಛತ್ತು, ಶಹಾಬಾದ್ ಕಲ್ಲಿನ ನೆಲ: ಸೀಲಿಂಗಿಗೆ ಯಾವ ಬಣ್ಣ ಹೊಂದುತ್ತದೆ?

ಪ್ರಶ್ನೆ: ವಿಜಯಪುರದ ಗೃಹಿಣಿ

ಎಲ್ಲ ಹಿರಿಯರಿಗೂ ಅನುಭವಸ್ಥರಿಗೂ ನಮಸ್ಕಾರಗಳು. ನಮ್ಮ ಮಾವನವರು ಕಟ್ಟಿಸಿದ, ಒಂದೇ ಅಂತಸ್ತಿನ ಆರ್‌ಸಿಸಿ ಮನೆಯಲ್ಲಿ ನಾವು ವಾಸವಾಗಿದ್ದೇವೆ. ಮೇಲೆ ಇನ್ನೊಂದು ಅಂತಸ್ತು ಇಲ್ಲದ ಕಾರಣ ದಿನವಿಡೀ ಬಿಸಿಲು ಸ್ಲ್ಯಾಬಿನ ಮೇಲೆಯೇ ಬೀಳುತ್ತದೆ. ಈ ಸಲ ಗಿಲಾವು ಉದುರಿದ ಕಡೆಗಳಲ್ಲಿ ದುರಸ್ತಿ ಮಾಡಿಸಿ ಇಡೀ ಮನೆಗೆ ಒಳಗಿನಿಂದ ಬಣ್ಣ ಹೊಡೆಸಬೇಕೆಂದು ನಿಶ್ಚಯಿಸಿದ್ದೇವೆ. ಗೋಡೆಗಳಿಗೆ ತಿಳಿ ಕೆನೆಬಣ್ಣ ಎಂದು ಮನೆಯವರೆಲ್ಲ ಒಪ್ಪಿಕೊಂಡಾಗಿದೆ. ಛತ್ತಿನ ಬಣ್ಣದ ವಿಷಯದಲ್ಲಿ ಮಾತ್ರ ಒಮ್ಮತ ಮೂಡುತ್ತಿಲ್ಲ.

ಪಡಸಾಲೆ 12 ಅಡಿ ಅಗಲ, 18 ಅಡಿ ಉದ್ದವಿದ್ದು, ಎತ್ತರ 9.5 ಅಡಿ ಮಾತ್ರ ಇದೆ. ಪೂರ್ವಕ್ಕೆ ಬಾಗಿಲು, ಉತ್ತರಕ್ಕೆ ಒಂದು ಕಿಟಕಿ. ಹಿಂದಿನವರು ಝಳಕ್ಕೆ ಹೆದರಿ ಕಿಟಕಿಯನ್ನು ಚಿಕ್ಕದಾಗಿಯೇ ಇಟ್ಟಿದ್ದಾರೆ. ನೆಲಕ್ಕೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಹಾಸಿದೆ, ಅದನ್ನು ತೆಗೆಸುವ ವಿಚಾರವಿಲ್ಲ. ಈಗಿರುವ ಸೀಲಿಂಗು ಅಚ್ಚ ಬಿಳಿಯದೇ ಆಗಿದ್ದರೂ ಮಧ್ಯಾಹ್ನದ ಹೊತ್ತಿನಲ್ಲಿ ಕೂಡ ಬೂದಿ ಬಳಿದಂತೆ ಮಂಕಾಗಿ ಕಾಣುತ್ತದೆ. ಬಣ್ಣದ ಕೆಲಸದವರು ಎಲ್ಲ ಕೋಣೆಗಳಿಗೂ ಅದೇ ಬಿಳಿಯನ್ನು ಮತ್ತೊಮ್ಮೆ ಹೊಡೆದರೆ ಸಾಕು ಎನ್ನುತ್ತಾರೆ. ನಮ್ಮ ಯಜಮಾನರು ಬಿಳಿ ಬಣ್ಣದಿಂದ ಕೋಣೆ ತಂಪಾಗುವುದಾದರೆ ಬಿಳಿಯೇ ಇರಲಿ, ಇಲ್ಲವಾದರೆ ಫಾಲ್ಸ್ ಸೀಲಿಂಗ್ ಮಾಡಿಸೋಣ ಎನ್ನುತ್ತಾರೆ. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗ ತನ್ನ ಕೋಣೆಯ ಛತ್ತಿಗೆ ಕಡುನೀಲಿ ಬೇಕೆಂದು ಪಟ್ಟು ಹಿಡಿದಿದ್ದಾನೆ. ಅತ್ತೆಯವರಿಗಂತೂ ದೇವರ ಕೋಣೆಯ ಛತ್ತಿಗೆ ಮೊದಲಿನಂತೆ ಸುಣ್ಣವೇ ಆಗಬೇಕು.

ಇದಲ್ಲದೆ, ಮಲಗುವ ಕೋಣೆಯ ಒಂದು ಮೂಲೆಯಲ್ಲಿ ಹೋದ ಸೆಪ್ಟೆಂಬರಿನ ಮಳೆಯ ನಂತರ ಕಂದು ಬಣ್ಣದ ಕಲೆ ಮೂಡಿದೆ. ಅದರ ಮೇಲೆ ಎರಡು ಕೈ ಬಣ್ಣ ಹೊಡೆದರೆ ಮುಚ್ಚಿಹೋಗುತ್ತದೆಯೇ? ಒಮ್ಮೆ ಹೊಡೆಸಿದ ಬಣ್ಣವನ್ನು ನಾವು ಹಲವು ವರ್ಷ ನೋಡುತ್ತ ಇರಬೇಕಾಗುತ್ತದೆ. ಆದ್ದರಿಂದ ತಿಳಿದವರು ಕಾರಣ ಸಹಿತ ಹೇಳಿದರೆ ಮನೆಯವರಿಗೆ ವಿವರಿಸಲು ಅನುಕೂಲವಾಗುತ್ತದೆ.

ಉತ್ತರ 1: ಬಣ್ಣದ ಗುತ್ತಿಗೆದಾರ, ಬಾಗಲಕೋಟೆ ನವನಗರ

ಶರಣು ಅಕ್ಕನವರೇ. ತಾವು ನೆಲದ ಕಲ್ಲಿನ ಹೆಸರನ್ನು ಬರೆದದ್ದು ಬಹಳ ಉಪಯೋಗವಾಯಿತು, ಏಕೆಂದರೆ ತಮ್ಮ ಮೊದಲ ಪ್ರಶ್ನೆಗೆ ಉತ್ತರವಿರುವುದು ಆ ನೆಲದಲ್ಲಿಯೇ. ಗೋಡೆಯ ಮೇಲೆ ಕಿಟಕಿಯ ಬೆಳಕು ನೇರವಾಗಿ ಬೀಳುತ್ತದೆ. ಛತ್ತಿಗೆ ಆ ಭಾಗ್ಯವಿಲ್ಲ. ಕಿಟಕಿಯಿಂದ ಬಂದ ಬೆಳಕು ಮೊದಲು ನೆಲಕ್ಕೆ ಬಿದ್ದು, ಅಲ್ಲಿಂದ ಮೇಲಕ್ಕೆ ಚಿಮ್ಮಿ, ನೆಲದ ಬಣ್ಣವನ್ನು ತನ್ನೊಡನೆ ಒಯ್ದು ಛತ್ತನ್ನು ಮುಟ್ಟುತ್ತದೆ. ಶಹಾಬಾದ್ ಕಲ್ಲು ಬೂದು ನೀಲಿಯದು, ಬಿಳಿಯ ಟೈಲ್ಸಿಗಿಂತ ಬಹಳ ಕಡಿಮೆ ಬೆಳಕನ್ನು ಹಿಂದಿರುಗಿಸುವಂಥದು. ಮೇಲಾಗಿ ತಮ್ಮ ಕಿಟಕಿ ಉತ್ತರದ್ದು, ಆ ದಿಕ್ಕಿನ ಬೆಳಕಿನಲ್ಲಿಯೂ ಸ್ವಲ್ಪ ನೀಲಿಯ ಅಂಶವೇ ಹೆಚ್ಚು. ಅಂಗಡಿಗಳಲ್ಲಿ ಸಿಗುವ ಅಚ್ಚ ಬಿಳಿಯ ಬಣ್ಣಗಳಲ್ಲಿ ಹಲವಕ್ಕೆ ಬೆಳ್ಳಗೆ ಹೊಳೆಯಲೆಂದು ಮೊದಲೇ ತುಸು ನೀಲಿಯ ಛಾಯೆ ಕೊಟ್ಟಿರುತ್ತಾರೆ. ಈ ಮೂರೂ ಸೇರಿದ ಮೇಲೆ ತಮ್ಮ ಬಿಳಿಯ ಛತ್ತು ಬೂದಿಯಂತೆ ಕಾಣದೆ ಬೇರೆ ಹೇಗೆ ಕಂಡೀತು? ಅದೇ ಬಿಳಿಯನ್ನು ಮತ್ತೊಮ್ಮೆ ಹೊಡೆದರೆ ಕೆಲವು ತಿಂಗಳು ಶುಭ್ರವಾಗಿ ಕಾಣಬಹುದು, ಮಂಕುತನ ಹೋಗುವುದಿಲ್ಲ.

ಪಡಸಾಲೆಗೆ ನಾನು ಹೇಳುವುದು ಇಷ್ಟು: ಗೋಡೆಗೆ ತಾವು ಆರಿಸಿಕೊಂಡ ಕೆನೆಬಣ್ಣದ ಶೇಡ್ ಸಂಖ್ಯೆಯನ್ನೇ ಅಂಗಡಿಯವರಿಗೆ ಕೊಡಿರಿ, ಟಿಂಟಿಂಗ್ ಮಷೀನಿನಲ್ಲಿ ಅದೇ ಬಣ್ಣದ ಅಂಶವನ್ನು ಕಾಲು ಭಾಗಕ್ಕೆ ಇಳಿಸಿ ಬಿಳಿಯ ಬೇಸಿನಲ್ಲಿ ಕಲಸಿಕೊಡಲು ಕೇಳಿರಿ. ಡಬ್ಬಿಯಲ್ಲಿ ನೋಡಿದರೆ ಅದು ಬಿಳಿಯೇ ಎನ್ನಿಸುತ್ತದೆ. ಛತ್ತಿಗೆ ಹಚ್ಚಿದ ಮೇಲೆ ಮಾತ್ರ ನೆಲದ ನೀಲಿಗೆ ಎದುರಾಗಿ ಒಳಗಿನ ಹಳದಿಯ ಅಂಶ ಕೆಲಸ ಮಾಡಿ, ಕಣ್ಣಿಗೆ ಶುದ್ಧವಾದ, ಬೆಚ್ಚಗಿನ ಬಿಳಿಯಾಗಿ ಕಾಣುತ್ತದೆ. ಗೋಡೆಗೂ ಛತ್ತಿಗೂ ಒಂದೇ ಮೂಲದ ಬಣ್ಣವಿರುವುದರಿಂದ ಎರಡೂ ಸೇರುವ ಅಂಚು ಎದ್ದು ಕಾಣುವುದಿಲ್ಲ. ತಗ್ಗಾದ ಕೋಣೆ ಎತ್ತರವಾಗಿ ತೋರುವುದಕ್ಕೆ ಇದಕ್ಕಿಂತ ಸುಲಭದ ಉಪಾಯವಿಲ್ಲ. ಇದೇ ಕಾರಣಕ್ಕಾಗಿ, ಛತ್ತಿನ ಕೆಳಗೆ ಸುತ್ತಲೂ ಗಾಢ ಬಣ್ಣದ ಪಟ್ಟಿ ಹೊಡೆಯಲು ಯಾರಾದರೂ ಸೂಚಿಸಿದರೆ ದಯವಿಟ್ಟು ಒಪ್ಪಬೇಡಿರಿ. 9.5 ಅಡಿಯ ಕೋಣೆಯಲ್ಲಿ ಆ ಪಟ್ಟಿ ಛತ್ತನ್ನು ಇನ್ನಷ್ಟು ಕೆಳಗೆ ಎಳೆದು ತರುತ್ತದೆ.

ಶೇಡ್ ಕಾರ್ಡನ್ನು ಅಂಗಡಿಯ ಮೇಜಿನ ಮೇಲಿಟ್ಟು ಆರಿಸುವ ಪದ್ಧತಿ ನಮ್ಮ ಕಡೆ ಬಹಳವಿದೆ. ಮೇಜಿನ ಮೇಲೆ ಬೆಳಕು ನೇರವಾಗಿ ಬೀಳುವುದರಿಂದ ಅಲ್ಲಿ ತಿಳಿಯಾಗಿ ಕಂಡ ಬಣ್ಣ ಛತ್ತಿನ ಮೇಲೆ ಒಂದೆರಡು ಮೆಟ್ಟಿಲು ಗಾಢವಾಗಿಯೇ ಕಾಣುತ್ತದೆ. ಆದ್ದರಿಂದ ಚಿಕ್ಕ ಡಬ್ಬಿಯೊಂದನ್ನು ಕಲಸಿಸಿಕೊಂಡು, ಕಿಟಕಿಯ ಹತ್ತಿರ ಒಂದು ಕಡೆ, ಕತ್ತಲ ಮೂಲೆಯಲ್ಲಿ ಒಂದು ಕಡೆ, ಎರಡೆರಡು ಅಡಿಯಷ್ಟು ಛತ್ತಿಗೇ ಹಚ್ಚಿ ನೋಡಿರಿ. ಮುಂಜಾನೆ, ಇಳಿಹೊತ್ತು, ರಾತ್ರಿ ದೀಪ ಹಚ್ಚಿದ ಮೇಲೆ, ಹೀಗೆ ಮೂರೂ ಹೊತ್ತು ನೋಡಬೇಕು. ಮನೆಯಲ್ಲಿ 6500 ಕೆಲ್ವಿನ್ನಿನ ಎಲ್‌ಇಡಿ ದೀಪಗಳಿದ್ದರೆ ರಾತ್ರಿ ಎಲ್ಲ ಬಿಳಿಯೂ ನೀಲಿಗಟ್ಟುತ್ತದೆ, 3000 ಕೆಲ್ವಿನ್ನಿನವು ಇದ್ದರೆ ಹಳದಿಗೆ ತಿರುಗುತ್ತದೆ. ದೀಪದ ಡಬ್ಬಿಯ ಮೇಲೆ ಆ ಸಂಖ್ಯೆ ಬರೆದಿರುತ್ತಾರೆ. ತಮ್ಮಂಥ ಪಡಸಾಲೆಗೆ 4000 ಕೆಲ್ವಿನ್ನಿನ ದೀಪ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಬಣ್ಣದಷ್ಟೇ ಮುಖ್ಯವಾದದ್ದು ಅದರ ಹೊಳಪು. ಪಡಸಾಲೆಗೂ ಮಲಗುವ ಕೋಣೆಗೂ ಹೊಳಪಿಲ್ಲದ ಮ್ಯಾಟ್ ಎಮಲ್ಷನ್ನನ್ನೇ ಹೊಡೆಸಿರಿ. ಹಳೆಯ ಸ್ಲ್ಯಾಬುಗಳ ಕೆಳಮುಖದಲ್ಲಿ ಸೆಂಟ್ರಿಂಗ್ ಹಲಗೆಯ ಗುರುತು, ಗಿಲಾವಿನ ಏರಿಳಿತ ಇದ್ದೇ ಇರುತ್ತವೆ. ಹೊಳಪಿನ ಬಣ್ಣ ಹಚ್ಚಿದರೆ ಕಿಟಕಿಯಿಂದ ಓರೆಯಾಗಿ ಬರುವ ಬೆಳಕಿನಲ್ಲಿ ಅವೆಲ್ಲ ಎದ್ದು ಕಾಣುತ್ತವೆ. ಅಡಿಗೆಮನೆಯ ಲೆಕ್ಕ ಬೇರೆ. ಅಲ್ಲಿ ಒಗ್ಗರಣೆಯ ಹೊಗೆ, ಎಣ್ಣೆಯ ಜಿಡ್ಡು ಮೇಲೇರಿ ಅಂಟುವುದರಿಂದ ಒದ್ದೆ ಬಟ್ಟೆಯಿಂದ ಒರೆಸಲು ಬರುವ, ತುಸು ಹೊಳಪಿನ ಎಮಲ್ಷನ್ ಬೇಕು, ಬಣ್ಣವೂ ಬಿಳಿಗಿಂತ ಐವರಿಯ ಕಡೆಗೆ ಇರಲಿ. ಹಳೆಯ ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸದೆ ಯಾವ ಬಣ್ಣ ಹೊಡೆದರೂ ಅದು ಹಿಡಿಯುವುದಿಲ್ಲ.

ಪಡಸಾಲೆಯ ಛತ್ತು 216 ಚದರ ಅಡಿ ಆಗುತ್ತದೆ. ಒಳ್ಳೆಯ ಎಮಲ್ಷನ್ ಎರಡು ಕೈಗೆ ಲೀಟರಿಗೆ ಸುಮಾರು 120ರಿಂದ 140 ಚದರ ಅಡಿ ಬರುತ್ತದೆ. ಆದ್ದರಿಂದ 2 ಲೀಟರನ್ನು ಒಂದೇ ಸಲಕ್ಕೆ ಕಲಸಿಸಿಕೊಳ್ಳಿರಿ. ಕಡಿಮೆ ಬಿತ್ತೆಂದು ಆಮೇಲೆ ತಂದದ್ದು ಎಷ್ಟೇ ಎಚ್ಚರವಹಿಸಿದರೂ ಕೂದಲೆಳೆಯಷ್ಟು ಬೇರೆಯಾಗುತ್ತದೆ, ಛತ್ತಿನ ಮೇಲೆ ಅದು ತೇಪೆಯಾಗಿ ಕಾಣುತ್ತದೆ. ಕೆಲಸದವರಿಗೆ ಕೊನೆಯ ಕೈಯಲ್ಲಿ ರೋಲರನ್ನು ಕಿಟಕಿಯ ಬೆಳಕು ಬರುವ ದಿಕ್ಕಿಗೇ ಓಡಿಸಲು, ಒಂದು ಕೋಣೆಯ ಛತ್ತನ್ನು ನಡುವೆ ನಿಲ್ಲಿಸದೆ ಒಂದೇ ಬೈಠಕ್ಕಿನಲ್ಲಿ ಮುಗಿಸಲು ಹೇಳಿರಿ. ಛತ್ತು ಮುಗಿದ ಮೇಲೆಯೇ ಗೋಡೆಗೆ ಕೈ ಹಚ್ಚಬೇಕು.

ಉತ್ತರ 2: ಸಿವಿಲ್ ಎಂಜಿನಿಯರ್, ಬೆಳಗಾವಿ ಟಿಳಕವಾಡಿ

ಬಣ್ಣದ ಆಯ್ಕೆಯ ಕುರಿತು ಮೇಲಿನವರು ಹೇಳಿದ್ದಕ್ಕೆ ನನ್ನ ಸಂಪೂರ್ಣ ಸಹಮತವಿದೆ. ತಂಪಿನ ವಿಷಯ ಮತ್ತು ಕಲೆಯ ವಿಷಯ, ಇವೆರಡಕ್ಕೆ ಮಾತ್ರ ನಾನು ಉತ್ತರಿಸುತ್ತೇನೆ. ಏಕೆಂದರೆ ಈ ಎರಡರಲ್ಲಿಯೂ ಜನರು ಹಣವನ್ನು ತಪ್ಪಾದ ಜಾಗದಲ್ಲಿ ಖರ್ಚು ಮಾಡುವುದನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ.

ಸೀಲಿಂಗಿನ ಒಳಮುಖಕ್ಕೆ ಬಿಳಿ ಹೊಡೆದರೂ ಕಡುನೀಲಿ ಹೊಡೆದರೂ ಕೋಣೆಯ ಸೆಕೆಯಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸವಾಗುವುದಿಲ್ಲ. ಬಿಸಿಲಿನಲ್ಲಿ ಕಾದ ಸ್ಲ್ಯಾಬು ಸಂಜೆಯ ಹೊತ್ತಿಗೆ ತನ್ನ ಶಾಖವನ್ನು ಕೆಳಗಿನ ಕೋಣೆಗೆ ಹೊರಸೂಸುತ್ತದೆ. ಆ ಶಾಖವು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ರೂಪದಲ್ಲಿ ಇರುವುದರಿಂದ ಕಣ್ಣಿಗೆ ಕಾಣುವ ಬಣ್ಣಕ್ಕೂ ಅದಕ್ಕೂ ಸಂಬಂಧ ತೀರ ಕಡಿಮೆ. ಮನೆಗಳಿಗೆ ಬಳಸುವ ಸಾಮಾನ್ಯ ಬಣ್ಣಗಳು, ಅವು ಬಿಳಿಯಿರಲಿ ಕಪ್ಪಿರಲಿ, ಈ ಕಿರಣಗಳನ್ನು ಹೊರಸೂಸುವುದರಲ್ಲಿ ಬಹುತೇಕ ಸಮಾನವಾಗಿವೆ. ಎಲ್ಲವುಗಳ ಹೊರಸೂಸುವಿಕೆಯ ಗುಣಾಂಕ ಸುಮಾರು 0.9ರ ಆಸುಪಾಸಿನಲ್ಲಿಯೇ ಇರುತ್ತದೆ. ಹೀಗಾಗಿ ರಾತ್ರಿ ಮಲಗಿದಾಗ ಮೇಲಿನಿಂದ ಮುಖಕ್ಕೆ ಹೊಡೆಯುವ ಝಳವನ್ನು ಒಳಗಿನ ಬಿಳಿ ಬಣ್ಣ ತಡೆಯಲಾರದು.

ಬಿಳಿಯು ಕೆಲಸ ಮಾಡುವುದು ಸ್ಲ್ಯಾಬಿನ ಮೇಲುಗಡೆಯಲ್ಲಿ. ಮಾಳಿಗೆಯ ಬರಿಯ ಸಿಮೆಂಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹೆಚ್ಚೆಂದರೆ ಮೂರನೆಯ ಒಂದು ಪಾಲನ್ನು ಹಿಂದಿರುಗಿಸಿ ಉಳಿದದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಅದೇ ಮೇಲ್ಮೈಗೆ ಒಳ್ಳೆಯ ಬಿಳಿಯ ಲೇಪನವಿದ್ದು ಅದು ಶುಭ್ರವಾಗಿದ್ದರೆ ಮುಕ್ಕಾಲು ಪಾಲು ಬಿಸಿಲು ಬಂದ ದಾರಿಗೇ ಮರಳುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿಯನ್ನು ಮುಟ್ಟುವ ವಿಜಯಪುರದಲ್ಲಿ, ಮೇಲೆ ಅಂತಸ್ತಿಲ್ಲದ ಮನೆಗೆ ಇದಕ್ಕಿಂತ ಕಡಿಮೆ ಖರ್ಚಿನ ಉಪಕಾರವನ್ನು ನಾನು ಕಾಣೆ. ತಂಪಿಗೆಂದು ತಮ್ಮ ಯಜಮಾನರು ತೆಗೆದಿರಿಸಿದ ಹಣವಿದ್ದರೆ ಅದು ಮೊದಲು ಮಾಳಿಗೆಗೆ ಹೋಗಲಿ. ಬಿಳಿಯ ಟೈಲ್ಸಿನ ಚೂರುಗಳನ್ನು ಜೋಡಿಸುವ ಚೈನಾ ಮೊಸಾಯಿಕ್ ಹೆಚ್ಚು ಕಾಲ ಬಾಳುತ್ತದೆ. ಬಿಳಿಯ ಟೆರೇಸ್ ಪೇಂಟು ಅಥವಾ ಸುಣ್ಣವಾದರೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಆದರೆ ಕೆಲವು ವರ್ಷಗಳಿಗೊಮ್ಮೆ, ಸುಣ್ಣವನ್ನಂತೂ ಪ್ರತಿ ಬೇಸಿಗೆಗೆ ಮುಂಚೆ, ಮತ್ತೆ ಹಚ್ಚಬೇಕು. ನಿಮ್ಮ ಕಡೆಯ ಎರೆಮಣ್ಣಿನ ದೂಳು ಕೂತರೆ ಯಾವ ಬಿಳಿಯೂ ಕೆಲಸ ಮಾಡದು, ಆದ್ದರಿಂದ ಬೇಸಿಗೆಯಲ್ಲಿ ಆಗಾಗ ಗುಡಿಸಿ ತೊಳೆಯುವ ರೂಢಿ ಇರಲಿ.

ಫಾಲ್ಸ್ ಸೀಲಿಂಗ್ ಮಾಡಿಸಿದರೆ ಸ್ಲ್ಯಾಬಿಗೂ ಜಿಪ್ಸಮ್ ಹಲಗೆಗೂ ನಡುವೆ ಗಾಳಿಯ ಪದರ ನಿಂತು ಝಳ ತುಸು ಕಡಿಮೆಯಾಗುವುದು ನಿಜ. ಆದರೆ ಅದಕ್ಕೆ ಅರ್ಧ ಅಡಿಯಾದರೂ ಬೇಕು, 9.5 ಅಡಿಯಲ್ಲಿ ಅರ್ಧ ಅಡಿ ಹೋದರೆ ಉಳಿಯುವುದು 9 ಅಡಿ. ವಾಸದ ಕೋಣೆಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಎತ್ತರ 2.75 ಮೀಟರ್, ಅಂದರೆ 9 ಅಡಿಗಿಂತ ಕೂದಲೆಳೆಯಷ್ಟು ಹೆಚ್ಚು. ತಮ್ಮ ಪಡಸಾಲೆಯಲ್ಲಿ ಆ ಮಿತಿಗಿಂತ ಕೆಳಗಿಳಿಯುವುದು ನನಗೆ ಸರಿಯೆನಿಸುವುದಿಲ್ಲ. ಇನ್ನೊಂದು ಮಾತು: ಸೋರುವ ಸ್ಲ್ಯಾಬನ್ನು ಫಾಲ್ಸ್ ಸೀಲಿಂಗಿನಿಂದ ಮರೆಮಾಡಿದರೆ ಒಳಗೆ ಕಬ್ಬಿಣ ತುಕ್ಕು ಹಿಡಿಯುತ್ತಿರುವುದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ಈಗ ಕಲೆಯ ವಿಷಯ. ವಿಜಯಪುರದಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರಿನಲ್ಲಿಯೇ ಆದ್ದರಿಂದ, ಆಗ ಮೂಡಿದ ಕಂದು ಕಲೆ ಮಾಳಿಗೆಯಿಂದ ಇಳಿದ ನೀರಿನದೇ ಇರಬೇಕು. ಎರಡು ಕೈಯಲ್ಲ, ನಾಲ್ಕು ಕೈ ಎಮಲ್ಷನ್ ಹೊಡೆದರೂ ಅದು ಮುಚ್ಚುವುದಿಲ್ಲ. ನೀರಿನಲ್ಲಿ ಕಲಸಿದ ಬಣ್ಣ ಹಳೆಯ ಕಲೆಯನ್ನು ಮತ್ತೆ ಕರಗಿಸಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಆ ಮೂಲೆಯ ಮೇಲ್ಭಾಗದಲ್ಲಿ ಮಾಳಿಗೆಯ ಇಳಿಜಾರು, ನೀರು ಹೋಗುವ ಕೊಳವೆಯ ಬಾಯಿ, ಪ್ಯಾರಾಪೆಟ್ ಗೋಡೆ ಕೂಡುವ ಸಂದು, ಈ ಮೂರನ್ನು ಪರೀಕ್ಷಿಸಿ ವಾಟರ್‌ಪ್ರೂಫಿಂಗ್ ಮಾಡಿಸಿರಿ. ಆಮೇಲೆ ಕಲೆಯಾದ ಜಾಗವನ್ನು ಕೆರೆದು, ಪೂರ್ಣ ಒಣಗಿಸಿ, ಎಣ್ಣೆ ಆಧಾರದ ಪ್ರೈಮರನ್ನು ಒಂದು ಕೈ ಹಚ್ಚಿ, ಅದರ ಮೇಲೆ ಬಣ್ಣ ಹೊಡೆಯಬೇಕು. ಕೆರೆಯುವಾಗ ಗಿಲಾವಿನ ಹಿಂದೆ ಟೊಳ್ಳು ಸದ್ದು ಬಂದರೆ ಅಥವಾ ತುಕ್ಕಿನ ಗೆರೆ ಕಂಡರೆ ಬಣ್ಣದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಎಂಜಿನಿಯರೊಬ್ಬರಿಗೆ ತೋರಿಸಿರಿ. ಮಲಗುವ ಮಂಚದ ಮೇಲಿನ ಛತ್ತು ಅದು, ಇದರಲ್ಲಿ ಸಂಕೋಚ ಬೇಡ. ಹೊಸದಾಗಿ ಗಿಲಾವು ಮಾಡಿಸಿದ ಕಡೆ ಕನಿಷ್ಠ 28 ದಿನವಾದರೂ ಬಿಟ್ಟು ಬಣ್ಣಕ್ಕೆ ಕೈ ಹಾಕಿರಿ.

ಬೆಳಗಾವಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಮ್ಮಲ್ಲಿ ವಿಜಯಪುರದ ಸುಮಾರು ಎರಡು ಪಟ್ಟು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯ ತೇವ ಆರುವುದೇ ಇಲ್ಲ. ಇಲ್ಲಿ ಸೀಲಿಂಗಿನ ಮೂಲೆಗಳಲ್ಲಿ ಕಾಣುವ ಕಪ್ಪು ಚುಕ್ಕೆಗಳು ಹೆಚ್ಚಿನ ಪಾಲು ಬೂಷ್ಟಿನವು. ಅದನ್ನು ಕೊಂದು ತೊಳೆದು ಒಣಗಿಸದೆ ಮೇಲೆ ಬಣ್ಣ ಹಚ್ಚಿದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತದೆ. ಬಣ್ಣದ ಕೆಲಸಕ್ಕೆ ಎರಡೂ ಊರುಗಳಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮೇ ತಿಂಗಳ ಕಾದ ಸ್ಲ್ಯಾಬಿಗೆ ಹಚ್ಚಿದ ಎಮಲ್ಷನ್ ರೋಲರ್ ಮರಳಿ ಬರುವಷ್ಟರಲ್ಲಿ ಆರಿಹೋಗಿ ಪಟ್ಟೆ ಪಟ್ಟೆಯಾಗುತ್ತದೆ.

ಉತ್ತರ 3: ಗುಳೇದಗುಡ್ಡ ಕಡೆಯ ನಿವೃತ್ತ ಚಿತ್ರಕಲಾ ಶಿಕ್ಷಕ

ಹುಡುಗನ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿತು. ಛತ್ತು ಎಂದರೆ ಬಿಳಿಯೇ ಎಂಬ ನಿಯಮ ನಮ್ಮ ನಾಡಿನಲ್ಲಿ ಎಂದೂ ಇರಲಿಲ್ಲ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ತಲೆಯ ಮೇಲೆ ಕೆತ್ತನೆಗಳಿವೆ, ಬಣ್ಣದ ಚಿತ್ರಗಳ ಅವಶೇಷಗಳೂ ಇವೆ. ನಮ್ಮ ಭಾಗದ ಹಳೆಯ ವಾಡೆಗಳಲ್ಲಿ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಛತ್ತೆಂದರೆ ಸಾಗವಾನಿಯ ತೊಲೆ, ಜಂತಿ, ಅವುಗಳ ಮೇಲೆ ಹೊದಿಸಿದ ಹಲಗೆ. ಕಾಲಕ್ರಮದಲ್ಲಿ ಹೊಗೆ ಕುಡಿದು ಕಪ್ಪಾದ ಕಟ್ಟಿಗೆ. ಆದರೂ ಆ ಮನೆಗಳಲ್ಲಿ ಉಸಿರು ಕಟ್ಟಿದಂತೆ ಆಗುತ್ತಿರಲಿಲ್ಲ. ಗೋಡೆಗಳಿಗೆ ವರ್ಷ ವರ್ಷವೂ ಸುಣ್ಣ ಬಳಿಯುತ್ತಿದ್ದರು, ಬೆಳಕಿಂಡಿಯಿಂದ ನೇರವಾಗಿ ಬಿದ್ದ ಬೆಳಕು ಆ ಸುಣ್ಣದ ಗೋಡೆಗಳ ಮೇಲೆ ಹರಡುತ್ತಿತ್ತು, ಎತ್ತರವೂ ಬೇಕಾದಷ್ಟಿತ್ತು. ಗಾಢವಾದ ಛತ್ತನ್ನು ಹೊರುವ ಶಕ್ತಿ ಗೋಡೆಗಳ ಬಿಳುಪಿನಿಂದ ಬರುತ್ತಿತ್ತು.

ಇದನ್ನು ಹುಡುಗನ ಕೋಣೆಗೆ ಅನ್ವಯಿಸಿ ನೋಡಬೇಕು. ಬಣ್ಣಗಳಿಗೆ ಬೆಳಕನ್ನು ಹಿಂದಿರುಗಿಸುವ ಪ್ರಮಾಣವೆಂಬ ಅಳತೆಯಿದೆ: ಕಪ್ಪಿಗೆ ಸೊನ್ನೆಯ ಹತ್ತಿರ, ಒಳ್ಳೆಯ ಬಿಳಿಗೆ 85ರ ಮೇಲೆ. ಕಡುನೀಲಿಗೆ ಅದು ಸಾಮಾನ್ಯವಾಗಿ 10ರ ಒಳಗೆಯೇ ಇರುತ್ತದೆ. ಛತ್ತಿನಿಂದ ಮೇಜಿನ ಮೇಲೆ ಮರಳಿ ಬೀಳಬೇಕಾದ ಬೆಳಕೆಲ್ಲ ಅಲ್ಲಿಯೇ ಇಂಗಿಹೋಗುತ್ತದೆ. ಹತ್ತನೆಯ ತರಗತಿಯ ಹುಡುಗ ಓದುವುದು ಅದೇ ಕೋಣೆಯಲ್ಲಿಯೇ ಆದರೆ ಇದು ಯೋಚಿಸಬೇಕಾದ ಮಾತು. ಓದುವ ಮೇಜು ಕಿಟಕಿಯ ಪಕ್ಕದಲ್ಲಿದ್ದು, ಮೇಜಿಗೆ ಪ್ರತ್ಯೇಕ ದೀಪವಿದ್ದು, ನಾಲ್ಕೂ ಗೋಡೆಗಳು ತಿಳಿಬಣ್ಣದಲ್ಲಿದ್ದರೆ ನಾನು ಅವನ ಆಸೆಯನ್ನು ತಡೆಯುವುದಿಲ್ಲ. ಮಲಗಿದಾಗ ತಲೆಯ ಮೇಲೆ ರಾತ್ರಿಯ ಆಕಾಶದ ಬಣ್ಣವಿರಬೇಕೆಂದು ಬಯಸುವ ವಯಸ್ಸು ಅದು, ಆ ಬಯಕೆಗೆ ಬೆಲೆಯಿದೆ. ಆದರೆ ಕಡುಬಣ್ಣಕ್ಕೆ ಛತ್ತಿನ ಕೆಲಸ ಬಹಳ ಅಚ್ಚುಕಟ್ಟಾಗಿರಬೇಕು. ಬಿಳಿಯಲ್ಲಿ ಕಾಣದ ಕೂದಲಿನಂಥ ಬಿರುಕು, ಪುಟ್ಟಿಯ ತೇಪೆ, ಫ್ಯಾನಿನ ಸುತ್ತ ಕೂಡುವ ದೂಳು ಎಲ್ಲವೂ ಅದರಲ್ಲಿ ಎದ್ದು ತೋರುತ್ತವೆ. ಎರಡು ಕೈಗೆ ಮುಗಿಯದೆ ಮೂರನೆಯ ಕೈಯೂ ಬೇಕಾಗಬಹುದು. ಮುಂದೆ ಬಿಳಿಗೆ ಮರಳಬೇಕೆಂದರೆ ಪ್ರೈಮರಿನಿಂದಲೇ ಮತ್ತೆ ಆರಂಭಿಸಬೇಕು ಎಂಬುದನ್ನೂ ಅವನಿಗೆ ತಿಳಿಸಿರಿ.

ನಡುವಿನ ದಾರಿಯೊಂದಿದೆ. ಛತ್ತಿಗೆ ಅದೇ ನೀಲಿಯ ಅತ್ಯಂತ ತಿಳಿಯಾದ ಛಾಯೆ, ಪ್ರಮಾಣ 70ಕ್ಕಿಂತ ಕೆಳಗಿಳಿಯದಂಥದ್ದು, ಹಚ್ಚಿ, ಮಂಚದ ತಲೆದೆಸೆಯ ಗೋಡೆಯೊಂದಕ್ಕೆ ಕಡುನೀಲಿಯನ್ನು ಕೊಡಬಹುದು. ಕೋಣೆ ಚಿಕ್ಕದಿದ್ದಷ್ಟೂ ಬಣ್ಣ ಗೋಡೆಯಿಂದ ಗೋಡೆಗೆ ಪುಟಿದು ದಟ್ಟವಾಗುತ್ತ ಹೋಗುವುದರಿಂದ, ಕಾರ್ಡಿನಲ್ಲಿ ಮೆಚ್ಚಿದ ತಿಳಿನೀಲಿಗಿಂತ ಇನ್ನೂ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ಆರಿಸಿರಿ.

ಹಳೆಯ ಕಟ್ಟಿಗೆಯ ಛತ್ತು ಇರುವ ಮನೆಯವರು ಈ ಚರ್ಚೆ ಓದಿ ತೊಲೆ ಜಂತಿಗಳಿಗೆಲ್ಲ ಬಿಳಿಯ ಎನಾಮೆಲ್ ಹೊಡೆಸಿಬಿಟ್ಟಾರೆಂಬ ಅಂಜಿಕೆಯೂ ನನಗಿದೆ. ದಯವಿಟ್ಟು ಹಾಗೆ ಮಾಡಬೇಡಿರಿ. ಕಟ್ಟಿಗೆಯನ್ನು ಶುಚಿಗೊಳಿಸಿ ಅಗಸೆ ಎಣ್ಣೆ ಸವರಿದರೆ ಅದರ ಎಳೆ ಎಳೆಯೂ ಜೀವ ತಳೆಯುತ್ತದೆ. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆಮಾಡಿ ಎಸೆಯದೆ ಬಯಲಿನಲ್ಲಿ ಹರವಿ ಒಣಗಿಸಬೇಕು, ಏಕೆಂದರೆ ಅಗಸೆ ಎಣ್ಣೆಯ ಅರಿವೆ ತನ್ನಷ್ಟಕ್ಕೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ತೊಲೆಗಳ ಮೇಲೆ ಹಿಂದೆಂದೋ ಹೊಡೆದ ಎಣ್ಣೆಬಣ್ಣವಿದ್ದರೆ ಅದನ್ನು ಒಣದಾಗಿ ಉಜ್ಜಿಸಬೇಡಿರಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ದೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಒದ್ದೆ ಮಾಡಿಕೊಂಡು ಕೆರೆಯಿಸಿ, ಬಿದ್ದ ಪುಡಿಯನ್ನು ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾಳಿಗೆಯ ಕೆಲಸವನ್ನು ಮೊದಲು ಮುಗಿಸಿ, ಬಣ್ಣವನ್ನು ನವೆಂಬರಿಗೆ ಇಟ್ಟುಕೊಳ್ಳುವುದೆಂದು ಯಜಮಾನರು ಒಪ್ಪಿದ್ದಾರೆ. ಫಾಲ್ಸ್ ಸೀಲಿಂಗಿನ ಮಾತನ್ನು ಕೈಬಿಟ್ಟಿದ್ದಾರೆ. ಮಗನು ಗುರುಗಳ ಉತ್ತರವನ್ನು ತಾನೇ ಓದಿ, ತಿಳಿನೀಲಿಯ ಛತ್ತು ಮತ್ತು ಒಂದು ಕಡುನೀಲಿ ಗೋಡೆ ಆಗಬಹುದು ಎಂದಿದ್ದಾನೆ. ಇನ್ನು ಉಳಿದದ್ದು ಅತ್ತೆಯವರ ಸುಣ್ಣ. ದೇವರ ಕೋಣೆಯ ಛತ್ತಿಗೆ ಈಗ ಹಳೆಯ ಡಿಸ್ಟೆಂಪರ್ ಇದೆ, ದೀಪದ ಕಾಡಿಗೆ ಹಿಡಿದು ನಡುವೆ ಕಪ್ಪಾಗಿದೆ. ಅದರ ಮೇಲೆಯೇ ಸುಣ್ಣ ಬಳಿಯಬಹುದೇ? ಬಳಿಯಬಹುದಾದರೆ ಹಿಂದಿನವರಂತೆ ನೀಲಿ ಹಾಕಬೇಕೇ?

ಉತ್ತರ 4: ಬಣ್ಣದ ಗುತ್ತಿಗೆದಾರ, ಬಾಗಲಕೋಟೆ ನವನಗರ

ಅಕ್ಕನವರೇ, ಅತ್ತೆಯವರ ಮಾತಿನಲ್ಲಿ ಹುರುಳಿದೆ. ಸುಣ್ಣಕ್ಕೆ ತೀವ್ರ ಕ್ಷಾರಗುಣವಿರುವುದರಿಂದ ಅದರ ಮೇಲೆ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ, ಹೊಳಪಿಲ್ಲದ ಅದರ ಮೆದು ಬಿಳುಪು ದೀಪದ ಬೆಳಕಿನಲ್ಲಿ ಬಹಳ ಸೊಗಸಾಗಿ ಕಾಣುತ್ತದೆ, ಕಾಡಿಗೆ ಹಿಡಿದಾಗ ವರ್ಷಕ್ಕೊಮ್ಮೆ ಅಲ್ಪ ಖರ್ಚಿನಲ್ಲಿ ಮತ್ತೆ ಬಳಿದುಕೊಳ್ಳಬಹುದು. ಆದರೆ ಡಿಸ್ಟೆಂಪರ್ ಅಥವಾ ಎಮಲ್ಷನ್ನಿನ ಮೇಲೆ ಅದು ನಿಲ್ಲುವುದಿಲ್ಲ. ಗಿಲಾವಿನ ರಂಧ್ರಗಳೊಳಗೆ ಇಳಿದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಕಲ್ಲಾಗುವ ವಸ್ತು ಅದು. ಕೆಳಗೆ ಬಣ್ಣದ ಪದರ ಅಡ್ಡವಾದರೆ ಹಕ್ಕಳೆಯಾಗಿ ಉದುರಿ ದೇವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಆ ಒಂದು ಕೋಣೆಯ ಛತ್ತನ್ನು ಗಿಲಾವು ಕಾಣುವವರೆಗೆ ಪೂರ್ತಿ ಕೆರೆಯಿಸಿ, ಕಾಡಿಗೆಯ ಜಿಡ್ಡನ್ನು ಸೋಪಿನ ನೀರಿನಿಂದ ತೊಳೆಯಿಸಿರಿ. ಪುಟ್ಟಿ, ಪ್ರೈಮರ್ ಯಾವುದೂ ಅಲ್ಲಿ ಬೇಡ.

ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಅರಿವೆಯಲ್ಲಿ ಸೋಸಿ, ತುಸು ಗೋಂದು ಕಲಸಿಕೊಳ್ಳಬೇಕು. ಇಲ್ಲವಾದರೆ ಮುಟ್ಟಿದ ಕೈಗೆಲ್ಲ ಹತ್ತುತ್ತದೆ. ಛತ್ತಿಗೆ ಮೊದಲು ನೀರು ಚಿಮುಕಿಸಿ, ತೆಳುವಾಗಿ ಮೂರು ಕೈ ಬಳಿಯಬೇಕು. ಹಸಿ ಇದ್ದಾಗ ಮಸುಕಾಗಿಯೇ ಕಾಣುತ್ತದೆ, ಬಿಳುಪು ಬರುವುದು ಒಣಗಿದ ಮೇಲೆ. ಹಸಿಯಲ್ಲಿ ನೋಡಿ ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ನೀಲಿಯನ್ನು ಹಾಕುತ್ತಿದ್ದದ್ದು ಸುಣ್ಣದೊಳಗಿನ ಹಳದಿಯನ್ನು ಮರೆಸುವುದಕ್ಕೆ. ತಮ್ಮ ದೇವರ ಕೋಣೆಗೂ ಶಹಾಬಾದ್ ಕಲ್ಲೇ ಇದ್ದರೆ ನೀಲಿಯನ್ನು ಪೂರ್ತಿ ಬಿಟ್ಟುಬಿಡಿರಿ. ಎಣ್ಣೆ ದೀಪದ ಹಳದಿ ಬೆಳಕಿಗೆ ನೀಲಿ ಬೆರೆಸದ ಸುಣ್ಣವೇ ಚೆಂದ.

ಕೊನೆಯದಾಗಿ, ಸುಣ್ಣ ಬಳಿಯುವ ಕೆಲಸದವರಿಗೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಏಣಿ ಹತ್ತಲು ಬಿಡಬೇಡಿರಿ. ಗೋಡೆಗೆ ಬಳಿಯುವಾಗ ಸುಣ್ಣ ಕಾಲಿಗೆ ಸಿಡಿಯುತ್ತದೆ, ಛತ್ತಿಗೆ ಬಳಿಯುವಾಗ ಮೇಲೆ ನೋಡುವ ಕಣ್ಣಿಗೇ ಬೀಳುತ್ತದೆ, ಬಿದ್ದರೆ ದೃಷ್ಟಿಗೇ ಅಪಾಯವಾಗಬಹುದು. ಏಣಿಯ ಹತ್ತಿರ ಒಂದು ಬಿಂದಿಗೆ ಶುದ್ಧ ನೀರು ಇಟ್ಟಿರಿ. ಕಣ್ಣಿಗೆ ಹನಿ ಬಿದ್ದರೆ ಉಜ್ಜದೆ ಬಹಳ ಹೊತ್ತು ನೀರು ಹರಿಸಿ ತೊಳೆದು, ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕನ್ನಡಕ ಬಣ್ಣದ ಅಂಗಡಿಗಳಲ್ಲಿ ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ.